ಬೆಟ್ಟದ ಸೈಕಲ್ಲು: ಸಲಕರಣೆ, ಪಾಲನೆ ಮತ್ತು ಹಾದಿಯ ರಕ್ಷಣೆ

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಮರಿನ್ ಕೌಂಟಿಯಲ್ಲಿ ಫೇರ್‌ಫ್ಯಾಕ್ಸ್ ಎಂಬ ಸಣ್ಣ ಊರಿದೆ. ಅದರ ಸಮೀಪದ ಬೆಟ್ಟದಲ್ಲಿ, ಕಾಡ್ಗಿಚ್ಚು ಆರಿಸುವ ವಾಹನಗಳ ಓಡಾಟಕ್ಕೆಂದು ಕಡಿದ ಮಣ್ಣಿನ ರಸ್ತೆಯೊಂದು ಸುಮಾರು 3 ಕಿಲೋಮೀಟರ್ ದೂರದಲ್ಲಿ 400 ಮೀಟರ್‌ನಷ್ಟು ಕೆಳಗಿಳಿಯುತ್ತದೆ. 1976ರ ಅಕ್ಟೋಬರ್ 21ರಂದು ಕೆಲವು ಯುವಕರು ಹಳೆಯ ಸೈಕಲ್ಲುಗಳನ್ನೇರಿ, ಗಡಿಯಾರ ಹಿಡಿದು, ಈ ಇಳಿಜಾರಿನಲ್ಲಿ ಪಂದ್ಯ ನಡೆಸಿದರು. ಆ ಸೈಕಲ್ಲುಗಳಲ್ಲಿ ಬಹುಪಾಲಿನವಕ್ಕೆ ಇದ್ದುದು ಪೆಡಲನ್ನು ಹಿಮ್ಮುಖವಾಗಿ ತುಳಿದಾಗ ಹಿಂಚಕ್ರದ ಹಬ್‌ನೊಳಗೆ ಹಿಡಿಯುವ ಬ್ರೇಕು. ಬೆಟ್ಟದ ಬುಡ ತಲಪುವಷ್ಟರಲ್ಲಿ ಹಬ್ ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೊಮ್ಮೆ ಇಳಿಯಬೇಕಾದರೆ ಹಬ್ ಬಿಚ್ಚಿ ಹೊಸದಾಗಿ ಗ್ರೀಸು ತುಂಬಲೇಬೇಕು. ಹೀಗೆ ತುಂಬುವ ಕೆಲಸಕ್ಕೆ ಇಂಗ್ಲಿಷಿನಲ್ಲಿರುವ ‘ರಿಪ್ಯಾಕ್’ ಎಂಬ ಮಾತೇ ಆ ಪಂದ್ಯಕ್ಕೂ ಆ ರಸ್ತೆಗೂ ಹೆಸರಾಯಿತು. ಇಂದು ಪ್ರಪಂಚದಾದ್ಯಂತ ಹರಡಿರುವ ಒಂದು ಉದ್ಯಮದ ಹುಟ್ಟು ಹೀಗೆ ದುರಸ್ತಿಯ ಮೇಜಿನ ಮೇಲೆ ಆಯಿತೆಂಬುದನ್ನು ಸೈಕಲ್ ವರ್ತಕರು ನೆನಪಿನಲ್ಲಿಡುವುದು ಒಳಿತು.

ಈ ವ್ಯಾಪಾರಕ್ಕೆ ಮೂರು ಆಧಾರಗಳಿವೆ: ಮಾರುವ ಸಲಕರಣೆ, ಮಾರಿದ ಮೇಲಿನ ಪಾಲನೆ, ಮತ್ತು ಸೈಕಲ್ಲು ಓಡುವ ಹಾದಿ. ಮೊದಲನೆಯದನ್ನು ಎಲ್ಲ ವರ್ತಕರೂ ಬಲ್ಲರು. ಎರಡನೆಯದನ್ನು ಹಲವರು ಬಲ್ಲರು. ಮೂರನೆಯದು ಅಂಗಡಿಯ ಲೆಕ್ಕಪುಸ್ತಕದಲ್ಲಿ ಎಲ್ಲಿಯೂ ಕಾಣುವುದಿಲ್ಲವಾದ ಕಾರಣ ಅದನ್ನು ಗಣಿಸಿದವರು ವಿರಳ. ಅದನ್ನು ಗಣಿಸದೆ ಉದ್ಯಮವು ತೆತ್ತ ಬೆಲೆಯನ್ನು ಮರಿನ್ ಕೌಂಟಿಯ ಉದಾಹರಣೆಯೇ ತೋರಿಸಿಕೊಡುತ್ತದೆ.

ಸಲಕರಣೆಯ ಕಥೆ

ರಿಪ್ಯಾಕ್‌ನ ಸವಾರರು ಆರಿಸಿಕೊಂಡದ್ದು ಶ್ವಿನ್ ಕಂಪನಿಯು 1930 ಮತ್ತು 1940ರ ದಶಕಗಳಲ್ಲಿ ತಯಾರಿಸಿದ್ದ, ದಪ್ಪ ಟೈರಿನ, ಸುಮಾರು 20 ಕಿಲೋ ತೂಗುವ ಸೈಕಲ್ಲುಗಳನ್ನು. ಗುಜರಿಯಲ್ಲಿ ಬಿದ್ದಿದ್ದ ಇವುಗಳ ಚೌಕಟ್ಟು ಗಟ್ಟಿಯಾಗಿದ್ದಿತೇ ಹೊರತು ಉಳಿದ ಯಾವ ಭಾಗವೂ ಬೆಟ್ಟಕ್ಕೆ ಹೊಂದುವಂತಿರಲಿಲ್ಲ. ಅದೇ ರಾಜ್ಯದ ಕುಪರ್ಟಿನೊ ಊರಿನ ಸವಾರರು 1974ರಲ್ಲಿಯೇ ಇಂಥ ಸೈಕಲ್ಲಿಗೆ ಗೇರುಗಳನ್ನು ಜೋಡಿಸಿದ್ದರು. ಗ್ಯಾರಿ ಫಿಶರ್ ಮುಂತಾದವರು ಅದೇ ದಾರಿ ಹಿಡಿದು ಡ್ರಮ್ ಬ್ರೇಕು, ಮೋಟಾರು ಸೈಕಲ್ಲಿನ ಬ್ರೇಕ್ ಹಿಡಿಕೆ, ಹೆಬ್ಬೆರಳಿನಿಂದ ಬದಲಿಸುವ ಗೇರು ಮುಂತಾದವನ್ನು ಒಂದೊಂದಾಗಿ ತಂದು ಕೂಡಿಸಿದರು. 1977ರಲ್ಲಿ ಜೋ ಬ್ರೀಜ್ ಎಂಬಾತನು ಹಳೆಯ ಚೌಕಟ್ಟನ್ನು ಬಿಟ್ಟು, ಕ್ರೋಮ್-ಮಾಲಿಬ್ಡಿನಮ್ ಉಕ್ಕಿನ ಕೊಳವೆಗಳಿಂದ ಬೆಟ್ಟಕ್ಕೆಂದೇ ಹೊಸ ಚೌಕಟ್ಟನ್ನು ಬೆಸೆದನು. 1978ರ ವೇಳೆಗೆ ಅವನು ತಯಾರಿಸಿದ್ದು ಒಟ್ಟು ಹತ್ತು ಸೈಕಲ್ಲುಗಳು ಮಾತ್ರ. ಅವುಗಳಲ್ಲಿ ಮೊದಲನೆಯದು ಈಗ ಅಮೆರಿಕದ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ.

1979ರಲ್ಲಿ ಫಿಶರ್ ಮತ್ತು ಚಾರ್ಲಿ ಕೆಲಿ ಇಬ್ಬರೂ ಸೇರಿ ‘ಮೌಂಟನ್‌ಬೈಕ್ಸ್’ ಎಂಬ ಹೆಸರಿನಲ್ಲಿ ಸಣ್ಣ ವ್ಯಾಪಾರ ಆರಂಭಿಸಿದರು. ಟಾಮ್ ರಿಚಿ ಚೌಕಟ್ಟುಗಳನ್ನು ಬೆಸೆದು ಕೊಡುತ್ತಿದ್ದನು. ಒಂದು ಸೈಕಲ್ಲಿನ ಬೆಲೆ ಸುಮಾರು 1,300 ಡಾಲರ್. ಆ ಹೆಸರನ್ನು ತಮ್ಮ ವ್ಯಾಪಾರ ಮುದ್ರೆಯಾಗಿ ಉಳಿಸಿಕೊಳ್ಳಲು ಅವರಿಂದಾಗಲಿಲ್ಲ. ಅದು ಎಲ್ಲರ ಬಾಯಲ್ಲಿ ಸರಕಿನ ಸಾಮಾನ್ಯ ಹೆಸರೇ ಆಗಿಹೋಯಿತು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯು ಇದೇ ಮಾದರಿಯನ್ನು ಆಧರಿಸಿ ಜಪಾನಿನಲ್ಲಿ ತಯಾರಿಸಿದ ‘ಸ್ಟಂಪ್‌ಜಂಪರ್’ ಸೈಕಲ್ಲನ್ನು ಸುಮಾರು 750 ಡಾಲರಿಗೆ ಮಾರುಕಟ್ಟೆಗೆ ತಂದಿತು. ಕಂಡುಹಿಡಿದವರು ಕೈಯಿಂದ ಒಂದೊಂದಾಗಿ ಬೆಸೆಯುತ್ತಿದ್ದಾಗ, ಸರಬರಾಜಿನ ವ್ಯವಸ್ಥೆಯನ್ನು ಬಲ್ಲವರು ಬೆಲೆಯನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸಿದರು. ಯಾರ ಹಳೆಯ ಚೌಕಟ್ಟಿನ ಮೇಲೆ ಈ ಉದ್ಯಮ ಹುಟ್ಟಿತೋ ಆ ಶ್ವಿನ್ ಕಂಪನಿಯು 1978ರಲ್ಲಿ ಇಂಥ ಒಂದು ಮಾದರಿಯನ್ನು ಹೊರತಂದು, ಬಹುಬೇಗನೆ ಕೈಬಿಟ್ಟಿತು. 1992ರಲ್ಲಿ ಅದು ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆ ಹೋಗಬೇಕಾಯಿತು. ಇದಕ್ಕೆ ಬೇರೆ ಕಾರಣಗಳೂ ಇದ್ದವೆಂಬುದು ನಿಜ.

ಬಿಡಿಭಾಗಗಳ ತಯಾರಕರಿಗೆ ಇದಕ್ಕಿಂತಲೂ ಹತ್ತಿರದ ಪಾಠ ಜಪಾನಿನಲ್ಲಿದೆ. ಸಕಾಯ್ ಪಟ್ಟಣದಲ್ಲಿ 1921ರಲ್ಲಿ ಫ್ರೀವೀಲ್ ತಯಾರಿಸುವ ಸಣ್ಣ ಘಟಕವಾಗಿ ಆರಂಭವಾದ ಶಿಮಾನೊ, 1982ರಲ್ಲಿ ಬೆಟ್ಟದ ಸೈಕಲ್ಲಿಗೆಂದೇ ‘ಡಿಯೋರ್ ಎಕ್ಸ್‌ಟಿ’ ಎಂಬ ಜೋಡಣೆಯನ್ನು ತಯಾರಿಸಿತು. ಅದರ ಪ್ರತಿಸ್ಪರ್ಧಿಯಾಗಿದ್ದ ಸನ್‌ಟೂರ್ ಕಂಪನಿಯ ಕೈಯಲ್ಲಿ, ಚೈನನ್ನು ಒಂದು ಹಲ್ಲುಚಕ್ರದಿಂದ ಮತ್ತೊಂದಕ್ಕೆ ಸರಿಸುವ ಡಿರೇಲರ್ ಎಂಬ ಭಾಗದ ಅತ್ಯುತ್ತಮ ವಿನ್ಯಾಸಕ್ಕೆ 1964ರಲ್ಲಿ ಪಡೆದ ಪೇಟೆಂಟ್ ಇತ್ತು. 1984ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು. ಶಿಮಾನೊ ಆ ವಿನ್ಯಾಸವನ್ನು ಅಳವಡಿಸಿಕೊಂಡು, ಗೇರು ‘ಟಕ್’ ಎಂದು ಗುರುತಿನ ಜಾಗದಲ್ಲಿಯೇ ನಿಲ್ಲುವ ವ್ಯವಸ್ಥೆಯನ್ನು ತಂದಿತು. ಆದರೆ ಅದರ ನಿಜವಾದ ಜಾಣ್ಮೆ ಬೇರೆಡೆ ಇದ್ದಿತು: ಹಿಡಿಕೆ, ತಂತಿ, ಡಿರೇಲರ್, ಫ್ರೀವೀಲ್, ಚೈನು ಎಲ್ಲವೂ ಒಂದಕ್ಕೊಂದು ಅಳತೆಗೆ ಹೊಂದಿದ್ದರೆ ಮಾತ್ರ ಆ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿತ್ತು. ಆದ್ದರಿಂದ ಸೈಕಲ್ ಕಾರ್ಖಾನೆಗಳು ಬಿಡಿಬಿಡಿಯಾಗಿ ಕೊಳ್ಳುವುದನ್ನು ಬಿಟ್ಟು ಪೂರ್ತಿ ಜೋಡಣೆಯನ್ನೇ ಕೊಳ್ಳತೊಡಗಿದವು. ಒಂದೇ ಭಾಗವನ್ನು ಉತ್ತಮವಾಗಿ ತಯಾರಿಸುತ್ತಿದ್ದ ಹಲವು ಕಂಪನಿಗಳು ಅಂದಿನಿಂದ ಹಿಂದೆ ಬಿದ್ದವು.

ಹಾಗಾದರೆ ಸಣ್ಣ ಘಟಕಕ್ಕೆ ಉಳಿದಿರುವ ಜಾಗ ಯಾವುದು? ದೊಡ್ಡ ಕಂಪನಿಗಳ ಜೋಡಣೆಗೂ ಚೌಕಟ್ಟಿಗೂ ನಡುವೆ ಬೀಳುವ ಸಣ್ಣ ಭಾಗಗಳಲ್ಲಿ ಅದು ಇದೆ. ಡಿರೇಲರನ್ನು ತೂಗುಹಾಕುವ ಅಲ್ಯುಮಿನಿಯಮ್ ಕೊಂಡಿಯನ್ನೇ ನೋಡಬಹುದು. ಕಲ್ಲಿಗೆ ತಗುಲಿದಾಗ ಚೌಕಟ್ಟು ಉಳಿಯಲೆಂದು ತಾನೇ ಬಾಗುವಂತೆ ಅಥವಾ ಮುರಿಯುವಂತೆ ಅದನ್ನು ಮಾಡಿರುತ್ತಾರೆ. ಅದು ಮುರಿದರೆ ಬೆಲೆಬಾಳುವ ಸೈಕಲ್ಲೂ ಮೂಲೆ ಸೇರುತ್ತದೆ. ಪ್ರತಿಯೊಂದು ಕಂಪನಿಯೂ ತನ್ನದೇ ಆಕಾರ ಬಳಸಿದ್ದರಿಂದ ಇಂಥ ಕೊಂಡಿಗಳಲ್ಲಿ ನೂರಾರು ಬಗೆಗಳಾದವು. 2019ರಲ್ಲಿ ಸ್ರ್ಯಾಮ್ ಕಂಪನಿಯು ಎಲ್ಲ ಚೌಕಟ್ಟಿಗೂ ಒಂದೇ ಕೊಂಡಿ ಎಂಬ ಅಳತೆಯನ್ನು ಮುಂದಿಟ್ಟಿತು. ಆದರೂ ಅದಕ್ಕೆ ಮುಂಚಿನ ಸೈಕಲ್ಲುಗಳು ಲೆಕ್ಕವಿಲ್ಲದಷ್ಟು ಓಡಾಡುತ್ತಿವೆ. ಗಣಕ ನಿಯಂತ್ರಿತ ಯಂತ್ರವೊಂದನ್ನು ಹೊಂದಿರುವ ಘಟಕವು ಮಾದರಿ ನೋಡಿ ಇದನ್ನು ಕಡಿದು ಕೊಡಬಲ್ಲುದು. ತಿಂಗಳುಗಟ್ಟಲೆ ಕಾಯುವ ಗಿರಾಕಿಯು ಇದರಲ್ಲಿ ಬೆಲೆಯ ಚೌಕಾಸಿ ಮಾಡುವುದು ಕಡಿಮೆ. ಆದರೆ ಕೊಂಡಿಯನ್ನು ಉಕ್ಕಿನಿಂದ ಮಾಡಿ ‘ಗಟ್ಟಿ’ ಎಂದು ಮಾರುವವರೂ ಇದ್ದಾರೆ. ಕೊಂಡಿ ಉಳಿದು ಚೌಕಟ್ಟು ಸೀಳಿದಾಗ ಆ ಮಾರಾಟದ ಲಾಭ ಉಳಿಯುವುದಿಲ್ಲ.

ಅಳತೆಯ ಗೊಂದಲ ಮತ್ತು ನಿಂತ ಸರಕು

ವರ್ತಕರ ಹಣ ಹೆಚ್ಚಾಗಿ ನಿಂತುಹೋಗುವುದು ಟೈರುಗಳಲ್ಲಿ. ‘ಇಪ್ಪತ್ತಾರು ಇಂಚು’ ಎಂದು ಕೇಳಿ ತರಿಸಿದ ಟೈರು ರಿಮ್ಮಿಗೆ ಕೂಡದೇ ಹೋಗುವುದು ಸಾಮಾನ್ಯ ಅನುಭವ. ಬೆಟ್ಟದ ಸೈಕಲ್ಲಿನ 26 ಇಂಚಿನ ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ 559 ಮಿಲಿಮೀಟರ್. ಆದರೆ 26 × 1⅜ ಎಂದು ಬರೆದಿರುವ ಟೈರಿನದು 590, ಮತ್ತು 26 × 1½ ಎಂದಿರುವುದರದು 584. ಮೂರೂ ಇಪ್ಪತ್ತಾರೇ, ಒಂದರ ಬದಲಿಗೆ ಇನ್ನೊಂದು ಬಾರದು. ಸೋಜಿಗವೆಂದರೆ, ಹೊಸತೆಂದು ಮಾರಾಟವಾಗುವ 27.5 ಇಂಚಿನ ಟೈರು ಕೂಡ ಅದೇ ಹಳೆಯ 584ರ ವ್ಯಾಸದ್ದು. 29 ಇಂಚಿನದು ರಸ್ತೆ ಸೈಕಲ್ಲಿನ 622ರದು. ಆದ್ದರಿಂದ ಇಂಚಿನ ಮಾತನ್ನು ಬಿಟ್ಟು, ಟೈರಿನ ಪಕ್ಕದಲ್ಲಿ 54-559 ಅಥವಾ 57-622 ಎಂಬ ರೀತಿಯಲ್ಲಿ ಅಚ್ಚಾಗಿರುವ ಸಂಖ್ಯೆಯನ್ನೇ ಬಿಲ್ಲಿನಲ್ಲಿಯೂ ದಾಸ್ತಾನು ಪುಸ್ತಕದಲ್ಲಿಯೂ ಬರೆಯಬೇಕು. ಮೊದಲನೆಯದು ಅಗಲ, ಎರಡನೆಯದು ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. ಸುಮಾರು 2010ರಿಂದೀಚೆಗೆ ಹೆಚ್ಚಿನ ಬೆಲೆಯ ಸೈಕಲ್ಲುಗಳಲ್ಲಿ 559ರ ಅಳತೆಯು ಹಿಂದೆ ಸರಿದಿದೆ. ಹಳೆಯ ಸೈಕಲ್ಲುಗಳಿಗಾಗಿ ಅದನ್ನು ಇಡಲೇಬೇಕು. ಆದರೆ ಅದರಲ್ಲಿ ದುಬಾರಿ ಟೈರು ತುಂಬಿಸಿಡುವುದು ಜಾಣತನವಲ್ಲ.

ಪಾಲನೆಯ ಲೆಕ್ಕಾಚಾರ

ಸೈಕಲ್ಲನ್ನು ಒಮ್ಮೆ ಮಾರಬಹುದು. ಅದರ ಚೈನನ್ನು ಹಲವು ಬಾರಿ ಮಾರಬಹುದು. ಗಿರಾಕಿಗೆ ಇದನ್ನು ನಷ್ಟವೆಂದಲ್ಲ, ಉಳಿತಾಯವೆಂದು ತೋರಿಸಿಕೊಡುವುದು ಸಾಧ್ಯವಿದೆ, ಏಕೆಂದರೆ ಅದು ನಿಜವೂ ಹೌದು. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ಅಂತರ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಹೊಸ ಚೈನಿನಲ್ಲಿ ಇಂಥ 24 ಅಂತರಗಳು ಸರಿಯಾಗಿ 12 ಇಂಚು ಆಗುತ್ತವೆ. ಚೈನು ‘ಹಿಗ್ಗಿತು’ ಎಂದು ಹೇಳುವುದು ರೂಢಿಯಾದರೂ ಉಕ್ಕಿನ ಪಟ್ಟಿ ಹಿಗ್ಗಿರುವುದಿಲ್ಲ. ಧೂಳು ಬೆರೆತ ಎಣ್ಣೆಯು ಅರದಂತೆ ತೇಯ್ದು ಪಿನ್ನುಗಳು ಸವೆದಿರುತ್ತವೆ. ಸಾಮಾನ್ಯ ಉಕ್ಕಿನ ಅಳತೆಪಟ್ಟಿಯನ್ನು ಹಿಡಿದಾಗ 24ನೆಯ ಪಿನ್ನು 12 ಇಂಚಿನ ಗೆರೆಯಿಂದ 1/16 ಇಂಚು ಮುಂದೆ ಹೋಗಿದ್ದರೆ ಚೈನು ಬದಲಾಯಿಸುವ ಕಾಲ ಬಂದಿದೆ. 1/8 ಇಂಚು ಹೋಗಿದ್ದರೆ ತಡವಾಗಿದೆ. ಸವೆದ ಚೈನು ಹಿಂದಿನ ಹಲ್ಲುಚಕ್ರಗಳನ್ನೂ ತನ್ನ ಅಳತೆಗೆ ತೇಯ್ದುಕೊಂಡಿರುತ್ತದೆ, ಹೊಸ ಚೈನು ಹಾಕಿದರೆ ಜಿಗಿಯುತ್ತದೆ. ಹನ್ನೊಂದು, ಹನ್ನೆರಡು ಹಲ್ಲುಚಕ್ರಗಳಿರುವ ಈಚಿನ ಜೋಡಣೆಗಳಲ್ಲಿ ಹಿಂದಿನ ಚಕ್ರಗಳ ಬೆಲೆ ಚೈನಿನ ಬೆಲೆಯ ಹಲವು ಪಟ್ಟು. ಈ ಅಳತೆಯನ್ನು ಗಿರಾಕಿಯ ಎದುರಿನಲ್ಲಿಯೇ ಮಾಡಿ ತೋರಿಸಿದ ಅಂಗಡಿಗೆ ಬೇರೆ ಜಾಹೀರಾತು ಅಷ್ಟಾಗಿ ಬೇಕಾಗುವುದಿಲ್ಲ.

ಎಣ್ಣೆ ಹಾಕುವುದರಲ್ಲಿಯೂ ಒಂದು ಕ್ರಮವಿದೆ. ಪ್ರತಿ ರೋಲರಿಗೂ ಒಂದು ಹನಿ ಬಿಟ್ಟು, ಪೆಡಲ್ ತಿರುಗಿಸಿ, ಹೊರಗೆ ಉಳಿದುದನ್ನೆಲ್ಲ ಬಟ್ಟೆಯಿಂದ ಒರೆಸಿಬಿಡಬೇಕು. ಎಣ್ಣೆ ಬೇಕಾದುದು ಪಿನ್ನಿನ ಒಳಗೆ. ಚೈನಿನ ಮೇಲೆ ಗ್ರೀಸು ಬಳಿಯುವುದು ಹಳೆಯ ಅಭ್ಯಾಸ. ಚೈನು ಕವರಿನೊಳಗೆ ಓಡುವ ಸಾದಾ ಸೈಕಲ್ಲಿಗೆ ಅದು ನಡೆದೀತು, ಕೆಮ್ಮಣ್ಣಿನ ಧೂಳಿನಲ್ಲಿ ಬಯಲಾಗಿ ಓಡುವ ಚೈನಿಗೆ ಅದೇ ಶತ್ರು. ನೀರಿನ ಒತ್ತಡದ ಯಂತ್ರದಿಂದ ಸೈಕಲ್ಲು ತೊಳೆಯುವಾಗ ಹಬ್ ಮತ್ತು ಪೆಡಲ್ ಬೇರಿಂಗುಗಳ ಕಡೆಗೆ ನೇರವಾಗಿ ನೀರು ಹಾಯಿಸಿದರೆ ಸೀಲು ದಾಟಿ ಒಳಹೋದ ನೀರು ಗ್ರೀಸನ್ನು ಕೆಡಿಸುತ್ತದೆ.

ಹೆಚ್ಚು ಎಚ್ಚರ ಬೇಕಾದುದು ಡಿಸ್ಕ್ ಬ್ರೇಕಿನಲ್ಲಿ. ನಮ್ಮ ಅಂಗಡಿಗಳಲ್ಲಿ ಎಲ್ಲವನ್ನೂ ಸೀಮೆಎಣ್ಣೆ ಅಥವಾ ಡೀಸೆಲ್‌ನಿಂದ ತೊಳೆಯುವ ರೂಢಿಯಿದೆ. ಆ ಬಟ್ಟೆ ಒಮ್ಮೆ ಡಿಸ್ಕಿಗೆ ತಗುಲಿದರೆ ಎಣ್ಣೆಯ ಪಸೆ ಬ್ರೇಕಿನ ಪ್ಯಾಡಿನೊಳಗೆ ಇಂಗಿ, ಹಿಡಿತ ಹೋಗಿ, ಪ್ಯಾಡನ್ನು ಎಸೆಯಬೇಕಾಗುತ್ತದೆ. ಡಿಸ್ಕಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಬೇರೆಯದೇ ಶುಭ್ರ ಬಟ್ಟೆ ಬೇಕು. ದ್ರವದಿಂದ ಕೆಲಸ ಮಾಡುವ ಬ್ರೇಕುಗಳಲ್ಲಿ ಎರಡು ಪಂಗಡಗಳಿವೆ. ಶಿಮಾನೊ ಬಳಸುವುದು ಮಿನರಲ್ ಆಯಿಲ್. ಸ್ರ್ಯಾಮ್ ತನ್ನ ಬಹುತೇಕ ಮಾದರಿಗಳಲ್ಲಿ ಬಹಳ ವರ್ಷ ಬಳಸಿದ್ದು ಮೋಟಾರು ವಾಹನಗಳಲ್ಲಿರುವಂಥ ಡಾಟ್ ದ್ರವ. ಒಂದರ ರಬ್ಬರು ಸೀಲು ಇನ್ನೊಂದರ ದ್ರವವನ್ನು ತಾಳದು, ಉಬ್ಬಿ ಕೆಡುತ್ತದೆ. ಡಾಟ್ ದ್ರವವು ಗಾಳಿಯ ತೇವವನ್ನು ಹೀರುವುದರಿಂದ ತೆರೆದಿಟ್ಟ ಡಬ್ಬಿ ಕೆಲಸಕ್ಕೆ ಬಾರದು. ಅದು ಬಣ್ಣವನ್ನೂ ಕೀಳುತ್ತದೆ. ಎರಡಕ್ಕೂ ಬೇರೆ ಬೇರೆ ಸಿರಿಂಜು, ಬೇರೆ ಬೇರೆ ಬಣ್ಣದ ಪಟ್ಟಿ, ಬೇರೆ ಬೇರೆ ಕಪಾಟು ಇರಬೇಕು. ಕೆಲಸಗಾರ ಬದಲಾದ ದಿನವೂ ತಪ್ಪಾಗದಂತಿರಬೇಕು ಆ ವ್ಯವಸ್ಥೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಗಿರಾಕಿಯ ಜೀವಕ್ಕೆ ಅಪಾಯವಾದರೆ ಅದನ್ನು ಯಾವ ರಿಯಾಯಿತಿಯೂ ಸರಿಪಡಿಸಲಾರದು.

ಬೋಲ್ಟು ಬಿಗಿಯುವುದರಲ್ಲಿ ಕೈ ಅಂದಾಜಿನ ಕಾಲ ಮುಗಿದಿದೆ. ಹ್ಯಾಂಡಲ್ ಹಿಡಿದಿಡುವ ಸಣ್ಣ ಬೋಲ್ಟುಗಳಿಗೆ ಸಾಮಾನ್ಯವಾಗಿ 5-6 ನ್ಯೂಟನ್ ಮೀಟರ್ ಬಿಗಿತ ಸಾಕು. ಅದಕ್ಕಿಂತ ಹೆಚ್ಚಾದರೆ ಕಾರ್ಬನ್ ಹ್ಯಾಂಡಲ್ ಒಳಗೊಳಗೇ ಸೀಳಬಹುದು. ಬಿಗಿತ ತೋರುವ ಸ್ಪ್ಯಾನರ್ ಒಂದನ್ನು ಕೊಳ್ಳುವುದು ವೆಚ್ಚವೆನಿಸಿದರೂ ಅನಿವಾರ್ಯ. ಹೆಲ್ಮೆಟ್ಟಿನ ವಿಷಯದಲ್ಲಿ ಹೇಳಬೇಕಾದುದು ಒಂದೇ ಮಾತು: ಒಳಗಿನ ಬೆಂಡು ಒಂದು ಪೆಟ್ಟನ್ನು ತಾನು ನಜ್ಜಾಗಿ ತಡೆಯುತ್ತದೆ. ಆಮೇಲೆ ಹೊರಗಿನಿಂದ ಚೆನ್ನಾಗಿ ಕಂಡರೂ ಅದನ್ನು ಬದಲಾಯಿಸಲೇಬೇಕು.

ಹಾದಿಯೂ ಒಂದು ಬಂಡವಾಳ

ಈಗ ಮೂರನೆಯ ಆಧಾರಕ್ಕೆ ಬರಬಹುದು. ಬೆಟ್ಟದ ಸೈಕಲ್ಲು ಹುಟ್ಟಿದ ಮರಿನ್ ಕೌಂಟಿಯಲ್ಲಿಯೇ 1980ರ ದಶಕದಲ್ಲಿ ಬೆಟ್ಟದ ಇಕ್ಕಟ್ಟಾದ ಕಾಲುಹಾದಿಗಳು ಸೈಕಲ್ಲಿಗೆ ಮುಚ್ಚಿದವು. ವೇಗವಾಗಿ ಇಳಿದು ಬರುವ ಸವಾರರಿಂದ ನಡೆದು ಹೋಗುವವರೂ ಕುದುರೆ ಸವಾರರೂ ಬೆದರಿದರು; ಹಾದಿ ಕೊರೆದುಹೋಗುತ್ತಿದೆಯೆಂಬ ದೂರುಗಳು ಬಂದವು. ಅಗಲವಾದ ಮಣ್ಣಿನ ರಸ್ತೆಗಳಲ್ಲಿಯೂ ಗಂಟೆಗೆ 15 ಮೈಲಿಯ ವೇಗಮಿತಿ ಬಂದಿತು. 1984ರಲ್ಲಿ ಅಮೆರಿಕದ ಅರಣ್ಯ ಇಲಾಖೆಯು ತನ್ನ ಸಂರಕ್ಷಿತ ವನ್ಯ ಪ್ರದೇಶಗಳಲ್ಲಿ ಸೈಕಲ್ಲನ್ನು ಸ್ಪಷ್ಟವಾಗಿ ನಿಷೇಧಿಸಿತು. ಸೈಕಲ್ಲಿನ ಮಾರಾಟ ಏರುತ್ತಿದ್ದ ಆ ವರ್ಷಗಳಲ್ಲಿಯೇ ಅದನ್ನು ಓಡಿಸುವ ಜಾಗ ಕುಗ್ಗುತ್ತಿತ್ತು. 1988ರಲ್ಲಿ ಕ್ಯಾಲಿಫೋರ್ನಿಯದ ಕೆಲವು ಸವಾರರ ಸಂಘಗಳು ಕೂಡಿ ಅಂತರರಾಷ್ಟ್ರೀಯ ಬೆಟ್ಟ ಸೈಕಲ್ ಸಂಘವನ್ನು ಕಟ್ಟಿದ ಮೇಲೆ, ವಾದ ಮಾಡುವುದರ ಜೊತೆಗೆ ಗುದ್ದಲಿ ಹಿಡಿದು ಹಾದಿ ಸರಿಪಡಿಸುವ ಪದ್ಧತಿ ಬೆಳೆಯಿತು.

ಹಾದಿಯನ್ನು ಹಾಳುಮಾಡುವುದು ಬಹುಮಟ್ಟಿಗೆ ಚಕ್ರವಲ್ಲ, ನೀರು. 1994ರಲ್ಲಿ ಪ್ರಕಟವಾದ ವಿಲ್ಸನ್ ಮತ್ತು ಸೆನಿ ಎಂಬವರ ಅಧ್ಯಯನವು ಮೊಂಟಾನ ರಾಜ್ಯದ ಬೆಟ್ಟದ ಹಾದಿಗಳಲ್ಲಿ ಪರೀಕ್ಷೆ ನಡೆಸಿ, ಕುದುರೆಯ ಗೊರಸು ಮತ್ತು ಮನುಷ್ಯರ ಹೆಜ್ಜೆಗಳು ಚಕ್ರಗಳಿಗಿಂತ ಹೆಚ್ಚು ಮಣ್ಣನ್ನು ಸಡಿಲಿಸುತ್ತವೆಯೆಂದೂ ಒದ್ದೆ ನೆಲದಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚೆಂದೂ ಕಂಡಿತು. ಸವಾರರು ಇದನ್ನು ತಮ್ಮ ಪರವಾದ ತೀರ್ಪೆಂದು ಭಾವಿಸುವುದುಂಟು. ಅದು ಪೂರ್ತಿ ಸರಿಯಲ್ಲ. ಚಕ್ರವು ಒದ್ದೆ ಮಣ್ಣಿನಲ್ಲಿ ಉದ್ದಕ್ಕೆ ಮುರಿಯದ ಗೆರೆಯನ್ನು ಎಳೆಯುತ್ತದೆ. ಮುಂದಿನ ಮಳೆಯ ನೀರು ಆ ಗೆರೆಯನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಹಿಂಬ್ರೇಕು ಗಟ್ಟಿಯಾಗಿ ಹಿಡಿದು ಚಕ್ರ ತಿರುಗದೆ ಜಾರಿದರೆ ಟೈರಿನ ಗುಬಟುಗಳು ನೇಗಿಲಿನಂತೆ ಉಳುತ್ತವೆ. ನಯವಾಗಿ ಹಿಡಿಯುವಂತೆ ಹೊಂದಿಸಿದ ಬ್ರೇಕು ಹಾದಿಯನ್ನೂ ಕಾಯುತ್ತದೆಯೆಂಬುದು ಇದರಿಂದ ತಿಳಿಯುತ್ತದೆ.

ಹಾದಿ ಕಡಿಯುವುದರಲ್ಲಿ ಅನುಭವದಿಂದ ನಿಂತ ಕೆಲವು ಅಳತೆಗಳಿವೆ. ಗುಡ್ಡದಿಂದ ನೀರು ಇಳಿಯುವ ದಿಕ್ಕಿನಲ್ಲಿಯೇ ನೇರವಾಗಿ ಹಾದಿ ಮಾಡಿದರೆ ಅದು ಎರಡು ಮೂರು ಮಳೆಗಾಲಗಳಲ್ಲಿ ಕೊರಕಲಾಗುತ್ತದೆ. ಹಾದಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು: ಗುಡ್ಡದ ಪಕ್ಕ 100 ಮೀಟರಿಗೆ 16 ಮೀಟರ್ ಇಳಿಯುತ್ತಿದ್ದರೆ ಹಾದಿಯು 8 ಮೀಟರಿಗಿಂತ ಹೆಚ್ಚು ಇಳಿಯಕೂಡದು. ಗುಡ್ಡ ಎಷ್ಟೇ ಕಡಿದಾಗಿದ್ದರೂ ಹಾದಿಯ ಸರಾಸರಿ ಇಳಿಜಾರು ಶೇಕಡ 10ರೊಳಗೆ ಇದ್ದರೆ ಬಾಳಿಕೆ ಬರುತ್ತದೆ. ಹಾದಿಯ ಅಡ್ಡಮೈ ಕಣಿವೆಯ ಕಡೆಗೆ ಸುಮಾರು ಶೇಕಡ 5ರಷ್ಟು ವಾಲಿರಬೇಕು. ಆಗ ನೀರು ಹಾದಿಯನ್ನು ಅಡ್ಡ ದಾಟಿ ಹೋಗುತ್ತದೆ, ಅದರುದ್ದಕ್ಕೂ ಹರಿಯುವುದಿಲ್ಲ. ಜೊತೆಗೆ, ಇಳಿಯುವ ಹಾದಿಯು ಅಲ್ಲಲ್ಲಿ ನಾಲ್ಕಾರು ಹೆಜ್ಜೆಯಷ್ಟು ಏರಿ ಮತ್ತೆ ಇಳಿಯಬೇಕು. ಆ ತಗ್ಗಿನಲ್ಲಿ ನೀರು ಹೊರಗೆ ಹಾರಿಹೋಗುತ್ತದೆ. ತೋಟದ ಬದುಗಳನ್ನೂ ಬಸಿಗಾಲುವೆಗಳನ್ನೂ ತಲೆಮಾರುಗಳಿಂದ ಕಟ್ಟಿಕೊಂಡು ಬಂದಿರುವ ಮಲೆನಾಡಿನ ಕೆಲಸಗಾರರಿಗೆ ಇದನ್ನು ಹೇಳಿಕೊಡಬೇಕಾದ ಅಗತ್ಯ ಕಡಿಮೆ. ಅವರಿಂದ ಕಲಿಯುವುದೇ ಹೆಚ್ಚಿದ್ದೀತು.

ಅಮೆರಿಕದಲ್ಲಿ ಈ ಕೆಲಸಕ್ಕೆ ಕೊಡಲಿಯೂ ಗುದ್ದಲಿಯೂ ಒಂದೇ ತಲೆಯಲ್ಲಿರುವ ‘ಪುಲಾಸ್ಕಿ’ ಎಂಬ ಸಲಕರಣೆಯನ್ನೂ, ಅಗಲ ಗುದ್ದಲಿಯೊಂದಿಗೆ ಹಲ್ಲುಗೋರೆ ಕೂಡಿರುವ ‘ಮೆಕ್‌ಲೌಡ್’ ಎಂಬುದನ್ನೂ ಬಳಸುತ್ತಾರೆ. ಎರಡೂ ಕಾಡ್ಗಿಚ್ಚಿನ ಕೆಲಸಕ್ಕೆ ಹೆಸರಾದವು. ಕೃಷಿ ಉಪಕರಣ ತಯಾರಿಸುವ ಯಾವುದೇ ಸಣ್ಣ ಘಟಕಕ್ಕೂ ಇವುಗಳ ತಯಾರಿಕೆ ಕಷ್ಟವಲ್ಲ.

ಹಾದಿಯೇ ಗಿರಾಕಿಗಳನ್ನು ಕರೆತರುತ್ತದೆಯೆಂಬುದಕ್ಕೆ ವೇಲ್ಸ್ ದೇಶದ ಕೊಯ್ಡ್ ಅ ಬ್ರೆನಿನ್ ಅರಣ್ಯ ಉದಾಹರಣೆ. 1990ರ ದಶಕದಲ್ಲಿ ಅಲ್ಲಿ ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಬೆಟ್ಟದ ಸೈಕಲ್ಲಿಗೆಂದೇ ಹಾದಿಗಳನ್ನು ಕಟ್ಟಲಾಯಿತು. ಪಟ್ಟಣಗಳಿಂದ ಸವಾರರು ಅಲ್ಲಿಗೆ ಹುಡುಕಿಕೊಂಡು ಬರತೊಡಗಿದರು.

ಕರ್ನಾಟಕದ ವರ್ತಕರಿಗೆ ಈ ಪ್ರಶ್ನೆ ದೂರದ್ದಲ್ಲ. ಬೆಂಗಳೂರಿನ ಕನಕಪುರ ರಸ್ತೆಯ ಸಮೀಪದ ತುರಹಳ್ಳಿ ಅರಣ್ಯವು ನಗರದ ಬೆಟ್ಟ ಸೈಕಲ್ ಸವಾರರ ಅಚ್ಚುಮೆಚ್ಚಿನ ಜಾಗವಾಗಿತ್ತು. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಪ್ರಸ್ತಾಪ ಬಂದಾಗ ಸುತ್ತಲಿನ ನಾಗರಿಕರು ಕಾಡು ಕಾಡಾಗಿಯೇ ಉಳಿಯಲೆಂದು ವಿರೋಧಿಸಿದರು. ಕರ್ನಾಟಕ ಅರಣ್ಯ ಕಾಯಿದೆ, 1963ರ ಪ್ರಕಾರ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು ಅಪರಾಧ. ಸೈಕಲ್ಲು ಮಾರುವಾಗ ‘ಕಾಡಿನಲ್ಲಿ ಎಲ್ಲಿ ಬೇಕಾದರೂ ಓಡಿಸಿ’ ಎಂದು ಹೇಳುವ ವರ್ತಕನು ಗಿರಾಕಿಯನ್ನು ಮೊಕದ್ದಮೆಗೆ ದೂಡುತ್ತಾನೆ. ತನ್ನ ಮುಂದಿನ ಮಾರಾಟಕ್ಕೂ ಬಾಗಿಲು ಹಾಕಿಕೊಳ್ಳುತ್ತಾನೆ. ಕೊಡಗು, ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ಮಾಲೀಕರ ಲಿಖಿತ ಒಪ್ಪಿಗೆ ಪಡೆದು ಹಾದಿ ಗುರುತಿಸುವುದು ಸಾಧ್ಯವಾದ ದಾರಿ. ಒಪ್ಪಿಗೆಯ ಪತ್ರದಲ್ಲಿ ಗೇಟು ಮುಚ್ಚುವ ಹೊಣೆ ಯಾರದು, ಕೊಯ್ಲಿನ ದಿನಗಳಲ್ಲಿ ಸವಾರಿ ಇದೆಯೇ ಇಲ್ಲವೇ, ಗಾಯವಾದರೆ ಜವಾಬ್ದಾರಿ ಯಾರದು ಎಂಬುದನ್ನು ಮೊದಲೇ ಬರೆದುಕೊಳ್ಳಬೇಕು. ಬೇರೆ ಊರಿನಿಂದ ಬರುವ ಸೈಕಲ್ಲುಗಳ ಟೈರಿನ ಕೆಸರನ್ನು ಒಳಹೋಗುವ ಮುಂಚೆ ತೊಳೆಸುವುದೂ ಆ ಕರಾರಿನಲ್ಲಿರಲಿ. ಕಾಂಗ್ರೆಸ್ ಗಿಡದಂಥ ಕಳೆಗಳ ಬೀಜ ಕೆಸರಿನೊಡನೆ ಸಾಗುತ್ತದೆ, ತೋಟದವರು ಅದನ್ನು ಮರೆಯುವುದಿಲ್ಲ.

ಕೆಲಸದ ಕಾಲವೂ ಮಳೆಗೆ ಹೊಂದಿರಬೇಕಾಗುತ್ತದೆ. ಮೇ ತಿಂಗಳೊಳಗೆ ಹಾದಿಯ ತಗ್ಗುಗಳಲ್ಲಿ ಕೂಡಿದ ಎಲೆ, ಹೂಳು ತೆಗೆದು ನೀರಿಗೆ ದಾರಿ ಬಿಡಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಟೈರಿನ ಗುರುತು ಒಂದು ಇಂಚಿನಷ್ಟು ಇಳಿಯುವ ಹಾದಿಯಲ್ಲಿ ಸವಾರಿ ನಿಲ್ಲಿಸಬೇಕು. ಅಂಗಡಿಗಳಿಗೆ ಅದು ಬೇರಿಂಗು, ಬ್ರೇಕು ಮತ್ತು ಮುಂದಿನ ಸ್ಪ್ರಿಂಗ್ ಫೋರ್ಕುಗಳನ್ನು ಬಿಚ್ಚಿ ಶುಚಿಮಾಡುವ ಕಾಲ. ಅಕ್ಟೋಬರಿನಲ್ಲಿ ಮಣ್ಣು ಇನ್ನೂ ತುಸು ಹಸಿಯಿರುವಾಗಲೇ, ಒಣಗಿ ಗಟ್ಟಿಯಾಗುವ ಮುನ್ನ, ಕೊರೆದ ಅಂಚುಗಳನ್ನು ಗುದ್ದಲಿಯಿಂದ ಇಳಿಸಿ ಧಿಮ್ಮಸ್ಸು ಮಾಡುವುದು ಸುಲಭ.